ಬೊಲಿವಿಯಾ ಪ್ರವಾಸ: ರಸ್ತೆ ಬಂದ್ ಆದರೆ ಏನು ಮಾಡಬೇಕು?

2024ರ ಜೂನ್ 26ರಂದು ಲಾ ಪಾಸ್ ನಗರದ ಮುರಿಯೊ ಚೌಕದಲ್ಲಿ ಸೇನೆಯ ಕವಚ ವಾಹನವೊಂದು ಅಧ್ಯಕ್ಷರ ಹಳೆಯ ಅರಮನೆಯ ಬಾಗಿಲಿಗೆ ಗುದ್ದಿತು. ಜಗತ್ತಿನ ಟಿ.ವಿ.ಗಳಲ್ಲೆಲ್ಲ ಅದೇ ದೃಶ್ಯ. ಆ ದಂಗೆ ಕೆಲವೇ ಗಂಟೆಗಳಲ್ಲಿ ಮುಗಿದುಹೋಯಿತು. ಚೌಕದಿಂದ ನಾಲ್ಕಾರು ಬೀದಿ ಆಚೆ ಇದ್ದ ಪ್ರವಾಸಿಗರಿಗೆ ಅದರಿಂದ ಆದ ತೊಂದರೆ ಒಂದು ಸಂಜೆಯದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಾಜಿ ಅಧ್ಯಕ್ಷ ಎವೊ ಮೊರಾಲೆಸ್ ಬೆಂಬಲಿಗರು ದೇಶದ ನಡುವಿನ ಕೊಚಬಾಂಬಾ ನಗರದ ಸುತ್ತಮುತ್ತ ರಸ್ತೆ ತಡೆ ಶುರುಮಾಡಿದರು. ಅದು 24 ದಿನ ನಡೆಯಿತು. ಹೊರಗಿನ ಟಿ.ವಿ.ಗಳಲ್ಲಿ ಅದಕ್ಕೆ ಅಷ್ಟು ಜಾಗ ಸಿಗಲಿಲ್ಲ. ಆದರೆ ಬಸ್ ಟಿಕೆಟ್ ಹಿಡಿದು ಕೂತವರ ಪ್ರವಾಸವನ್ನು ಪೂರ್ತಿ ಕೆಡಿಸಿದ್ದು ಅದೇ.

ಬೊಲಿವಿಯಾದಲ್ಲಿ ಸುರಕ್ಷತೆ ಎಂದರೆ ಮುಖ್ಯವಾಗಿ ರಸ್ತೆಯ ವಿಚಾರ. ವಿದೇಶಿ ಪ್ರವಾಸಿಗರ ಮೇಲೆ ಅಲ್ಲಿನ ಚಳವಳಿಗಾರರಿಗೆ ದ್ವೇಷವಿಲ್ಲ. ಅವರ ಜಗಳ ಸರ್ಕಾರದ ಜೊತೆ, ಸರ್ಕಾರವನ್ನು ಬಗ್ಗಿಸುವ ಸಾಧನ ಹೆದ್ದಾರಿ. ದೇಶದ ದೊಡ್ಡ ಊರುಗಳನ್ನು ಜೋಡಿಸುವ ರಸ್ತೆಗಳು ಕೆಲವೇ ಕೆಲವು. ಅವುಗಳ ಮೇಲೆ ಎರಡು ಮೂರು ಕಡೆ ಕಲ್ಲು ಜೋಡಿಸಿದರೆ ಅರ್ಧ ದೇಶ ನಿಂತುಹೋಗುತ್ತದೆ. ಹಾಗಾಗಿ ಹೋಗಬೇಕೋ ಬೇಡವೋ ಎಂದು ವಾರಗಟ್ಟಲೆ ಯೋಚಿಸುವುದಕ್ಕಿಂತ, ರಸ್ತೆ ಮುಚ್ಚಿದರೂ ಕೆಡದಂಥ ಯೋಜನೆ ಹಾಕಿಕೊಂಡು ಹೋಗುವುದು ಒಳ್ಳೆಯದು.

ಎಷ್ಟು ದಿನ ಮುಚ್ಚಬಹುದು ಎನ್ನುವ ಅಂದಾಜಿಗೆ ಹಿಂದಿನ ಕೆಲವು ಲೆಕ್ಕ ನೋಡಿ. 2015ರ ಜುಲೈಯಲ್ಲಿ ಪೊಟೊಸಿಯ ನಾಗರಿಕ ಸಮಿತಿಯ ಮುಷ್ಕರ 27 ದಿನ ನಡೆದು ಊರಿನೊಳಗೆ ವಿದೇಶಿಯರೂ ಸಿಕ್ಕಿಬಿದ್ದರು. 2019ರ ಅಕ್ಟೋಬರ್ ಚುನಾವಣೆಯ ನಂತರದ ಮುಷ್ಕರ 21 ದಿನ, ನವೆಂಬರ್ 10ಕ್ಕೆ ಮೊರಾಲೆಸ್ ರಾಜೀನಾಮೆ. 2022ರಲ್ಲಿ ಜನಗಣತಿಯ ದಿನಾಂಕಕ್ಕಾಗಿ ಸಾಂತಾ ಕ್ರೂಸ್ 36 ದಿನ ಬಂದ್. 2025ರ ಜೂನ್‌ನಲ್ಲಿ ಮತ್ತೆ ಹೆದ್ದಾರಿ ತಡೆ. 2025ರ ಅಕ್ಟೋಬರ್ 19ರ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿನಲ್ಲಿ ಗೆದ್ದು ರೊಡ್ರಿಗೊ ಪಾಸ್ ನವೆಂಬರ್ 8ಕ್ಕೆ ಅಧಿಕಾರ ಹಿಡಿದಾಗ ಇನ್ನು ಎಲ್ಲ ತಣ್ಣಗಾಗುತ್ತದೆ ಎಂದುಕೊಂಡವರಿದ್ದರು. ಡಿಸೆಂಬರ್‌ನಲ್ಲಿ ಇಂಧನ ಸಬ್ಸಿಡಿ ತೆಗೆದು, ಲೀಟರ್ ಪೆಟ್ರೋಲ್ 3.74 ಬೊಲಿವಿಯಾನೊದಿಂದ 6.96ಕ್ಕೆ ಏರಿದ ಕೂಡಲೇ ಕಾರ್ಮಿಕ ಸಂಘಟನೆಗಳು ಮತ್ತೆ ರಸ್ತೆಗಿಳಿದವು. ಅಧ್ಯಕ್ಷರು ಯಾರೇ ಇರಲಿ, ರಸ್ತೆ ತಡೆ ಅಲ್ಲಿನ ರಾಜಕೀಯದ ಭಾಗ.

ತಡೆ ಹೇಗೆ ಶುರುವಾಗುತ್ತದೆ, ಮೊದಲೇ ತಿಳಿಯುವುದು ಹೇಗೆ

ದಿಢೀರೆಂದು ಬೀಳುವ ತಡೆಗಳು ಕಡಿಮೆ. ಮೊದಲು ಸಂಘಟನೆಯವರು ಸೇರಿ ಸಭೆ ನಡೆಸುತ್ತಾರೆ, ಸ್ಪ್ಯಾನಿಷ್ ಸುದ್ದಿಯಲ್ಲಿ ‘ಅಂಪ್ಲಿಯಾದೊ’ ಅಥವಾ ‘ಕಬಿಲ್ದೊ’ ಎಂದು ಬರುತ್ತದೆ. ಅಲ್ಲಿ ಸರ್ಕಾರಕ್ಕೆ 48 ಅಥವಾ 72 ಗಂಟೆಗಳ ಗಡುವು ಕೊಡುತ್ತಾರೆ. ಗಡುವು ಮುಗಿದ ಬೆಳಗ್ಗೆ, ಸಾಮಾನ್ಯವಾಗಿ ಬೆಳಕು ಹರಿಯುವ ಮೊದಲೇ, ಕಲ್ಲು ಬೀಳುತ್ತದೆ. ಅಂದರೆ ಸುದ್ದಿ ನೋಡುವವರಿಗೆ ಎರಡು ಮೂರು ದಿನದ ಮುನ್ಸೂಚನೆ ಸಿಗುತ್ತದೆ. ಹೋಟೆಲ್ ಸ್ವಾಗತಕಾರರನ್ನು ದಿನಾ ಕೇಳಬೇಕಾದ ಪ್ರಶ್ನೆ ‘ಇವತ್ತು ರಸ್ತೆ ತೆರೆದಿದೆಯಾ’ ಎಂದಲ್ಲ, ‘ಯಾರಾದರೂ ಗಡುವು ಕೊಟ್ಟಿದ್ದಾರಾ, ಯಾವತ್ತಿಗೆ ಮುಗಿಯುತ್ತದೆ’ ಎಂದು.

ರಾಷ್ಟ್ರೀಯ ಹೆದ್ದಾರಿ ಇಲಾಖೆ (ಹೆಸರಿನ ಮೊದಲ ಅಕ್ಷರಗಳಿಂದ ಎಬಿಸಿ ಎನ್ನುತ್ತಾರೆ) ಅಂತರ್ಜಾಲದಲ್ಲಿ ರಸ್ತೆ ಸ್ಥಿತಿಯ ನಕ್ಷೆ ಇಟ್ಟಿದೆ. ಎಲ್ಲಿ ತಡೆ, ಎಲ್ಲಿ ಭೂಕುಸಿತ ಎಂದು ಅದರಲ್ಲಿ ಗೊತ್ತಾಗುತ್ತದೆ. ಬಸ್ ಹತ್ತುವ ಬೆಳಗ್ಗೆ ನೋಡಲೇಬೇಕು. ಆದರೆ ಆ ನಕ್ಷೆ ಹೇಳುವುದು ಈಗಿನ ಸ್ಥಿತಿ, ನಾಳೆಯದಲ್ಲ. ನಾಳೆಯ ಸ್ಥಿತಿ ತಿಳಿಯಲು ಆಯಾ ಊರಿನ ಪತ್ರಿಕೆಯೇ ಬೇಕು: ಕೊಚಬಾಂಬಾಕ್ಕೆ ‘ಲೋಸ್ ತಿಯೆಂಪೊಸ್’, ಸಾಂತಾ ಕ್ರೂಸ್‌ಗೆ ‘ಎಲ್ ದೆಬೆರ್’, ಸುಕ್ರೆಗೆ ‘ಕೊರ್ರೆಯೊ ದೆಲ್ ಸುರ್’, ಪೊಟೊಸಿ ಮತ್ತು ಉಪ್ಪಿನ ಬಯಲಿನ ಅಂಚಿನ ಉಯುನಿಗೆ ‘ಎಲ್ ಪೊಟೊಸಿ’. ಲಾ ಪಾಸ್ ಪತ್ರಿಕೆಗಳಿಗೆ ಉಯುನಿಯ ಸಣ್ಣ ತಡೆ ಸುದ್ದಿಯೇ ಅಲ್ಲ. ಹುಡುಕುವಾಗ ‘ಬ್ಲೊಕೇಯೊ’ (bloqueo, ಅಂದರೆ ತಡೆ) ಎಂಬ ಪದದ ಜೊತೆ ಊರಿನ ಹೆಸರು, ‘ಓಯ್’ (hoy) ಎಂದರೆ ಇವತ್ತು, ಇಷ್ಟು ಹಾಕಿದರೆ ಸಾಕು. ‘ಕ್ವಾರ್ತೊ ಇಂತೆರ್ಮೆದಿಯೊ’ ಎಂದು ಕಂಡರೆ ತಡೆಗೆ ತಾತ್ಕಾಲಿಕ ಬಿಡುವು ಕೊಟ್ಟಿದ್ದಾರೆ ಎಂದರ್ಥ. ಇದು ಬಂದ ಕ್ಷಣವೇ ಹೊರಡಬೇಕು. ಬಿಡುವು ಒಂದೆರಡು ದಿನದ್ದೇ ಇರಬಹುದು, ಆ ಹೊತ್ತಿಗೆ ನಿಂತಿದ್ದ ಬಸ್ಸುಗಳೆಲ್ಲ ಒಟ್ಟಿಗೆ ಹೊರಟು ಟಿಕೆಟ್ ಬೇಗ ಖಾಲಿಯಾಗುತ್ತದೆ.

ತಡೆ ಬೀಳುವ ಜಾಗಗಳೂ ಬಹುಮಟ್ಟಿಗೆ ಅವೇ. ಲಾ ಪಾಸ್‌ನಿಂದ ದಕ್ಷಿಣಕ್ಕೆ ಹೋಗುವಾಗ ಅದಕ್ಕೆ ಅಂಟಿಕೊಂಡಿರುವ ಎಲ್ ಆಲ್ಟೊ ನಗರದ ಸೆನ್ಕಾಟಾ, ಮುಂದೆ ಚಿಲಿ ರಸ್ತೆ ಕವಲೊಡೆಯುವ ಪತಕಮಾಯಾ, ಅದಕ್ಕೂ ಮುಂದೆ ಕೊಚಬಾಂಬಾ ರಸ್ತೆ ಬೇರೆಯಾಗುವ ಕರಕೊಯೊ. ಸೆನ್ಕಾಟಾದಲ್ಲಿ ಇಂಧನ ಸಂಗ್ರಹಾಗಾರ ಇರುವುದರಿಂದ ಅಲ್ಲಿ ತಡೆ ಬಿದ್ದರೆ ನಗರದಲ್ಲಿ ಪೆಟ್ರೋಲ್ ಮತ್ತು ಅಡುಗೆ ಅನಿಲ ಎರಡಕ್ಕೂ ಸಾಲು ನಿಲ್ಲುತ್ತದೆ. ಕೊಚಬಾಂಬಾದ ಪಶ್ಚಿಮ ಬಾಗಿಲು ಪರೊತಾನಿ, ಪೂರ್ವಕ್ಕೆ ಚಪಾರೆ ಪ್ರದೇಶ, ಸಾಂತಾ ಕ್ರೂಸ್ ಕಡೆಯಿಂದ ಯಪಕಾನಿ. ಟಿಟಿಕಾಕಾ ಸರೋವರದ ಕಡೆ ಹೋಗುವುದಾದರೆ ಎಲ್ ಆಲ್ಟೊದ ರಿಯೊ ಸೆಕೊ. ಕೊರೊಯಿಕೊ ಮತ್ತು ಯುಂಗಾಸ್ ಕಣಿವೆಗೆ ವಾಹನ ಹೊರಡುವ ವಿಯ್ಯಾ ಫಾತಿಮಾ ಬಡಾವಣೆಯಲ್ಲಿ ಕೋಕಾ ಬೆಳೆಗಾರರ ಮಾರುಕಟ್ಟೆಯ ಜಗಳ ಆಗಾಗ ಅಶ್ರುವಾಯುವಿನ ತನಕ ಹೋಗುತ್ತದೆ. ಈ ಹೆಸರುಗಳನ್ನು ಫೋನಿನ ನಕ್ಷೆಯಲ್ಲಿ ಗುರುತು ಹಾಕಿಕೊಂಡರೆ ಸುದ್ದಿಯ ಶೀರ್ಷಿಕೆ ನೋಡಿದ ಕೂಡಲೇ ನಿಮ್ಮ ಬಸ್ಸಿಗೆ ಸಂಬಂಧವಿದೆಯೋ ಇಲ್ಲವೋ ತಿಳಿಯುತ್ತದೆ.

ಯಾವ ಕ್ರಮದಲ್ಲಿ ಸುತ್ತಬೇಕು

ಬಹಳ ಜನ ಲಾ ಪಾಸ್‌ಗೆ ಇಳಿದು, ಉಯುನಿಗೆ ಹೋಗಿ, ಮತ್ತೆ ಲಾ ಪಾಸ್‌ಗೆ ಬಂದು ವಿಮಾನ ಹತ್ತುವ ಯೋಜನೆ ಹಾಕುತ್ತಾರೆ. ಇದು ಎಲ್ಲಕ್ಕಿಂತ ದುರ್ಬಲ ಯೋಜನೆ. ಸುಮಾರು 540 ಕಿ.ಮೀ. ಒಂದೇ ರಸ್ತೆ, ಅದನ್ನು ಎರಡು ಸಲ ನಂಬಬೇಕು. ಅದರ ಮೇಲೆ 4,060 ಮೀಟರ್ ಎತ್ತರದ ವಿಮಾನ ನಿಲ್ದಾಣದಲ್ಲಿ ಇಳಿದ ಮೊದಲ ದಿನವೇ ತಲೆನೋವು.

ತಗ್ಗಿನಿಂದ ಎತ್ತರಕ್ಕೆ, ಒಂದು ಬಾಗಿಲಿನಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಗಿ. ಸಾಂತಾ ಕ್ರೂಸ್ ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್. ಅಲ್ಲಿಂದ ವಿಮಾನದಲ್ಲಿ ಸುಕ್ರೆ, ಸುಮಾರು 2,800 ಮೀಟರ್. ಸುಕ್ರೆಯಿಂದ ರಸ್ತೆಯಲ್ಲಿ ಮೂರು ಗಂಟೆ ಚಿಲ್ಲರೆ ಪೊಟೊಸಿ, 4,000 ಮೀಟರ್ ದಾಟಿದ ಊರು. ಅಲ್ಲಿಂದ ನಾಲ್ಕು ಗಂಟೆ ಉಯುನಿ. ಉಯುನಿಯಿಂದ ಮೂರು ದಿನದ ಜೀಪ್ ಪ್ರವಾಸ ಹೇಗೂ ದಕ್ಷಿಣಕ್ಕೇ ಹೋಗುತ್ತದೆ. ಹಿಂದಿರುಗುವ ಬದಲು ಇತೊ ಕಹೊನ್ ಗಡಿಯಲ್ಲಿ ಇಳಿದು ಚಿಲಿಯ ಸಾನ್ ಪೆದ್ರೊ ದೆ ಅತಕಾಮಾಕ್ಕೆ ದಾಟಬಹುದು. ಈ ದಾರಿಯಲ್ಲಿ ದೇಹ ಎತ್ತರಕ್ಕೆ ನಿಧಾನವಾಗಿ ಹೊಂದಿಕೊಳ್ಳುತ್ತದೆ, ತಡೆ ಬೀಳುವ ಲಾ ಪಾಸ್–ಒರುರೊ–ಕೊಚಬಾಂಬಾ ತ್ರಿಕೋನವೂ ತಪ್ಪುತ್ತದೆ. ಲಾ ಪಾಸ್ ಮತ್ತು ಟಿಟಿಕಾಕಾ ನೋಡುವ ಆಸೆಯಿದ್ದರೆ ಅದನ್ನು ಪೆರುವಿನ ಪುನೊ ಕಡೆಯಿಂದ ಬೇರೆಯಾಗಿ ಇಟ್ಟುಕೊಳ್ಳಿ.

ವಿಮಾನ ನಿಲ್ದಾಣ ಊರಿನಿಂದ ಎಷ್ಟು ದೂರ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸುಕ್ರೆಯ ಅಲ್ಕಂತಾರಿ ನಿಲ್ದಾಣ ಊರಿನಿಂದ ಸುಮಾರು 30 ಕಿ.ಮೀ., ನಡುವೆ ಇರುವುದು ಅದೇ ಹೆದ್ದಾರಿ. ಕೊಚಬಾಂಬಾ ರಸ್ತೆ ತಡೆಯ ಕೇಂದ್ರವೇ ಆದರೂ ಅದರ ವಿಮಾನ ನಿಲ್ದಾಣ ನಗರದ ಒಳಗೇ ಇದೆ. ಎಲ್ಲ ರಸ್ತೆ ಮುಚ್ಚಿದರೂ ಅಲ್ಲಿಂದ ಹಾರಿಹೋಗಬಹುದು. ಉಯುನಿ ನಿಲ್ದಾಣವೂ ಊರಿಗೆ ಹತ್ತಿರ. ರಸ್ತೆ ಮುಚ್ಚಿದ ಸುದ್ದಿ ಬಂದ ದಿನ ದೇಶದೊಳಗಿನ ವಿಮಾನದ ಸೀಟುಗಳು ಗಂಟೆಗಳಲ್ಲಿ ಮುಗಿಯುತ್ತವೆ. ಹಾಗಾಗಿ ಗಡುವಿನ ಸುದ್ದಿ ಬಂದಾಗಲೇ ಟಿಕೆಟ್ ತೆಗೆಯಬೇಕು, ಕಲ್ಲು ಬಿದ್ದ ಮೇಲಲ್ಲ. ದೇಶ ಬಿಡುವ ವಿಮಾನಕ್ಕೆ ಮುಂಚಿನ ಎರಡು ರಾತ್ರಿ ಅದೇ ಊರಿನಲ್ಲಿ ಇರಿ. ಒಂದು ರಾತ್ರಿ ಸಾಲದು, ಏಕೆಂದರೆ ಒಳನಾಡಿನ ವಿಮಾನ ಒಂದು ದಿನ ತಡವಾಗುವುದು ಅಪರೂಪವಲ್ಲ.

ಲಾ ಪಾಸ್‌ನಲ್ಲೇ ಇದ್ದು ಎಲ್ ಆಲ್ಟೊ ವಿಮಾನ ನಿಲ್ದಾಣಕ್ಕೆ ಹೋಗುವ ಹೆದ್ದಾರಿ ಮುಚ್ಚಿದರೆ ‘ಮಿ ತೆಲೆಫೆರಿಕೊ’ ಕೈಹಿಡಿಯುತ್ತದೆ. ಹತ್ತು ಮಾರ್ಗಗಳ ಈ ಕೇಬಲ್ ಕಾರ್ ರಸ್ತೆಯ ಗೊಡವೆಯಿಲ್ಲದೆ ಮೇಲೆ ಓಡುತ್ತದೆ. ಹಳೆ ರೈಲು ನಿಲ್ದಾಣದಿಂದ ಕೆಂಪು ಮಾರ್ಗ ಹತ್ತಿದರೆ ಎಲ್ ಆಲ್ಟೊದ ‘16 ದೆ ಹುಲಿಯೊ’ ನಿಲ್ದಾಣ. ವಿಮಾನ ನಿಲ್ದಾಣಕ್ಕೆ ನೇರ ಕೇಬಲ್ ಇಲ್ಲ, ಅಲ್ಲಿಂದ ಮುಂದೆ ಕೆಲವು ಕಿಲೋಮೀಟರ್ ಟ್ಯಾಕ್ಸಿ, ಇಲ್ಲವೇ ಕಾಲ್ನಡಿಗೆ. ಗುರುವಾರ ಮತ್ತು ಭಾನುವಾರ ಅದೇ ಜಾಗದಲ್ಲಿ ಭಾರೀ ಸಂತೆ ಸೇರುತ್ತದೆ, ಚೀಲಕ್ಕೆ ಕೈಹಾಕುವವರೂ ಸೇರುತ್ತಾರೆ. ಗುಡುಗು ಮಿಂಚು ಬಂದರೆ ಕೇಬಲ್ ನಿಲ್ಲಿಸುತ್ತಾರೆ. ಮಳೆಗಾಲದ ಮಧ್ಯಾಹ್ನಗಳಲ್ಲಿ ಇದನ್ನು ನೆನಪಿಟ್ಟು ಬೆಳಗ್ಗೆಯೇ ಹತ್ತಿ.

ಚುನಾವಣೆಯ ದಿನ ಮಾತ್ರ ಪೂರ್ತಿ ಬೇರೆ. ಮತದಾನದ ಭಾನುವಾರ ಮಧ್ಯರಾತ್ರಿಯಿಂದ ಮಧ್ಯರಾತ್ರಿವರೆಗೆ ಅನುಮತಿ ಚೀಟಿ ಇಲ್ಲದ ವಾಹನ ಓಡುವಂತಿಲ್ಲ, ಜಿಲ್ಲೆಯಿಂದ ಜಿಲ್ಲೆಗೆ ಬಸ್ ಇಲ್ಲ, ಅದಕ್ಕೆ ಎರಡು ದಿನ ಮೊದಲಿನಿಂದಲೇ ಮದ್ಯ ಮಾರಾಟ ನಿಷೇಧ. ಸೆಪ್ಟೆಂಬರ್‌ನ ಮೊದಲ ಭಾನುವಾರ ಪಾದಚಾರಿ ದಿನ, ಅವತ್ತೂ ನಗರಗಳಲ್ಲಿ ವಾಹನ ಇಲ್ಲ. ಇಂಥ ದಿನಗಳಲ್ಲಿ ಪ್ರಯಾಣ ಇಟ್ಟುಕೊಳ್ಳಲೇಬೇಡಿ.

ತಡೆಯ ಮುಂದೆ ನಿಂತಾಗ

ಹಳ್ಳಿಗಾಡಿನ ತಡೆಯಲ್ಲಿ ರಸ್ತೆಗೆ ಅಡ್ಡವಾಗಿ ಕಲ್ಲು, ಮಣ್ಣಿನ ದಿಬ್ಬ, ಮರದ ದಿಮ್ಮಿ, ಹೊಗೆಯಾಡುವ ಟೈರು. ಪಕ್ಕದಲ್ಲಿ ಪ್ಲಾಸ್ಟಿಕ್ ತಾಡಪತ್ರಿಯ ಕೆಳಗೆ ದೊಡ್ಡ ಪಾತ್ರೆಯಲ್ಲಿ ಎಲ್ಲರಿಗೂ ಅಡುಗೆ. ಅಲ್ಲಿ ಕೂತವರು ಪಾಳಿಯ ಮೇಲೆ ಬಂದವರು. ಸಂಘದವರು ಹಾಜರಿ ಪುಸ್ತಕ ಇಟ್ಟಿರುತ್ತಾರೆ, ಬಾರದ ಕುಟುಂಬಕ್ಕೆ ದಂಡ ಬೀಳುತ್ತದೆ. ಇದನ್ನು ತಿಳಿದಿದ್ದರೆ ಅವರೊಡನೆ ಮಾತಾಡುವ ದನಿಯೇ ಬೇರೆಯಾಗುತ್ತದೆ. ಬಹುತೇಕ ಕಡೆ ವಾಹನ ಬಿಡುವುದಿಲ್ಲ, ನಡೆದು ಹೋಗುವವರನ್ನು ತಡೆಯುವುದಿಲ್ಲ. ಟೋಪಿ ಮತ್ತು ಕಪ್ಪು ಕನ್ನಡಕ ತೆಗೆದು, ‘ಬ್ವೆನೋಸ್ ದಿಯಾಸ್, ಪೆರ್ಮಿಸೊ’ ಎಂದು ನಮಸ್ಕರಿಸಿ, ನಿಧಾನವಾಗಿ ಬದಿಯಿಂದ ನಡೆಯಿರಿ. ಫೋಟೊ ತೆಗೆಯಬೇಡಿ. ಫೋಟೊ ಪೊಲೀಸರ ಕೈಸೇರುತ್ತದೆ ಎಂಬ ಭಯ ಅವರಿಗಿದೆ, ಫೋನ್ ಕಿತ್ತುಕೊಳ್ಳುವ ಪ್ರಸಂಗಗಳು ಹುಟ್ಟುವುದೇ ಇಲ್ಲಿಂದ. ಧ್ವಜ ಹಿಡಿದು ನಗುತ್ತ ನಿಲ್ಲುವುದೂ ಬೇಡ. ಮೂಲನಿವಾಸಿಗಳ ಏಳು ಬಣ್ಣದ ಚೌಕಗಳ ವಿಫಾಲಾ ಧ್ವಜಕ್ಕಾಗಿ 2019ರಲ್ಲಿ ಬೀದಿಗಳಲ್ಲಿ ದೊಡ್ಡ ಜಗಳವೇ ಆಗಿದೆ.

ಇಂಥ ವೇಳೆ ಬಸ್ಸಿನವರು ‘ತ್ರಾಸ್‌ಬೊರ್ದೊ’ ಮಾಡುತ್ತಾರೆ. ತಡೆಯ ಈಚೆ ಇಳಿಸುತ್ತಾರೆ, ನೀವು ನಡೆದು ದಾಟಿದರೆ ಆಚೆ ಇನ್ನೊಂದು ಬಸ್ ಅಥವಾ ಮಿನಿಬಸ್. ಟಿಕೆಟ್ ಕೊಳ್ಳುವಾಗಲೇ ಆಚೆಯ ವಾಹನ ಇದೇ ಟಿಕೆಟ್ಟಿನಲ್ಲಿ ಸೇರಿದೆಯೇ ಎಂದು ಕೇಳಿ, ಟಿಕೆಟ್ ಮೇಲೆಯೇ ಬರೆಸಿಕೊಳ್ಳಿ. ಸೇರಿಲ್ಲವಾದರೆ ಆಚೆ ನಿಂತವರು ಕೇಳಿದಷ್ಟು ಕೊಡಬೇಕಾಗುತ್ತದೆ. ಅರ್ಧದಾರಿಯಲ್ಲಿ ಇಳಿದು ಹೋದವರಿಗೆ ದುಡ್ಡು ವಾಪಸ್ ಸಿಗುತ್ತದೆ ಎಂದು ನಂಬಬೇಡಿ. ಬಸ್ ಹೊರಡದೇ ಇದ್ದಾಗ ಕೌಂಟರಿನಲ್ಲೇ ನಿಂತು ಅವತ್ತೇ ಕೇಳಬೇಕು.

ಸಮಸ್ಯೆ ಏನೆಂದರೆ ತಡೆ ಒಂದೇ ಇರುವುದಿಲ್ಲ. ಮೊದಲನೆಯದನ್ನು ದಾಟಿದ ಮೇಲೆ ಐದು ಕಿ.ಮೀ.ಗೆ ಇನ್ನೊಂದು. ಎರಡು ತಡೆಗಳ ನಡುವೆ ಸಿಕ್ಕಿಕೊಂಡ ಮೋಟರ್‌ಸೈಕಲ್ ಹುಡುಗರೇ ಅಲ್ಲಿಯ ಸಾರಿಗೆ. 3,800 ಮೀಟರ್ ಎತ್ತರದಲ್ಲಿ 20 ಕೆ.ಜಿ. ಸೂಟ್‌ಕೇಸ್ ಎಳೆದುಕೊಂಡು ಹತ್ತು ಕಿ.ಮೀ. ನಡೆಯುವುದು ಆಗದ ಮಾತು. ಚಕ್ರ ಮೊದಲ ಕಲ್ಲಿನ ರಾಶಿಯಲ್ಲೇ ಹೋಗುತ್ತದೆ. ಬೆನ್ನಿಗೆ ಹಾಕುವ, 10 ಕೆ.ಜಿ. ದಾಟದ ಚೀಲವೇ ಈ ದೇಶಕ್ಕೆ ಸರಿ. ಒಬ್ಬೊಬ್ಬರಿಗೆ 2 ಲೀಟರ್ ನೀರು, ಒಂದು ದಿನದ ಒಣ ತಿಂಡಿ, ಬಿಸಿಲಿಗೆ ಟೋಪಿ ಮತ್ತು ಲೇಪನ, ರಾತ್ರಿಗೆ ಬೆಚ್ಚನೆ ಜಾಕೆಟ್, ತಲೆಗೆ ಕಟ್ಟುವ ಟಾರ್ಚ್, ಶೌಚದ ಕಾಗದ ಇವು ಬಸ್ಸಿನ ಹೊಟ್ಟೆಯಲ್ಲಿ ಅಲ್ಲ, ಕೈಚೀಲದಲ್ಲೇ ಇರಬೇಕು.

ಕೆಲವು ಚಾಲಕರು ಹೆಚ್ಚಿಗೆ ದುಡ್ಡು ಕೇಳಿ, ಹಳ್ಳಿ ರಸ್ತೆಯಲ್ಲಿ ಸುತ್ತಿಸಿ ದಾಟಿಸುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ, ಅದರಲ್ಲೂ ರಾತ್ರಿ ಹೊತ್ತು ಮತ್ತು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಮಳೆಗಾಲದಲ್ಲಿ. ಆ ದಾರಿಗಳಲ್ಲಿ ಸೇತುವೆ ಇಲ್ಲದ ಹೊಳೆಗಳಿವೆ, ತಡೆಗೋಡೆ ಇಲ್ಲದ ಇಳಿಜಾರುಗಳಿವೆ, ಸುತ್ತುದಾರಿ ಹಿಡಿದ ಬಸ್ಸನ್ನು ಮೋಸ ಎಂದು ತಿಳಿದು ಟೈರು ಪಂಕ್ಚರ್ ಮಾಡುವ ಹಳ್ಳಿಗರೂ ಇದ್ದಾರೆ. ರಾತ್ರಿ ಸಿಕ್ಕಿಬಿದ್ದರೆ ಬಸ್ಸಿನೊಳಗೇ, ಉಳಿದ ಪ್ರಯಾಣಿಕರ ಜೊತೆಗೇ ಬೆಳಗಾಗುವವರೆಗೆ ಇರುವುದು ಮೇಲು.

ನಿಜವಾದ ಜೀವಾಪಾಯ ಬೇರೆ ಹೊತ್ತಿನಲ್ಲಿದೆ: ಪೊಲೀಸರು ಅಥವಾ ಸೇನೆ ತಡೆ ತೆರವು ಮಾಡಲು ಬಂದಾಗ. 2019ರ ನವೆಂಬರ್ 15ರಂದು ಕೊಚಬಾಂಬಾ ಬಳಿಯ ಸಕಾಬಾ, ನವೆಂಬರ್ 19ರಂದು ಸೆನ್ಕಾಟಾ, ಎರಡರಲ್ಲೂ ಪ್ರತಿಭಟನಾಕಾರರು ಸತ್ತರು. 2025ರ ಜೂನ್‌ನಲ್ಲಿ ಗಣಿ ಊರಾದ ಯಯ್ಯಾಗುವಾದಲ್ಲಿ ಪೊಲೀಸರೇ ಸತ್ತರು. ಹತ್ತು ದಿನ ಶಾಂತವಾಗಿದ್ದ ತಡೆಯೂ ಆ ಒಂದು ಗಂಟೆಯಲ್ಲಿ ಯುದ್ಧಭೂಮಿಯಾಗುತ್ತದೆ. ರಸ್ತೆ ತೆರೆಯಲು ಪೊಲೀಸ್ ಲಾರಿಗಳು ಹೊರಟಿವೆ ಎಂಬ ಸುದ್ದಿ ಬಂದರೆ ‘ಇನ್ನೇನು ತೆರೆಯುತ್ತದೆ’ ಎಂದು ಅತ್ತ ಹೋಗಬೇಡಿ. ಅವತ್ತು ಊರಿನಲ್ಲೇ ಇರಿ.

ನಗರದ ಮೆರವಣಿಗೆಗಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಲಾ ಪಾಸ್‌ನಲ್ಲಿ ಅವು ಎಲ್ ಆಲ್ಟೊದಿಂದ ಇಳಿದು ಸಾನ್ ಫ್ರಾನ್ಸಿಸ್ಕೊ ಚೌಕ, ಪ್ರಾದೊ ಬೀದಿಯ ಮೂಲಕ ಮುರಿಯೊ ಚೌಕದ ಕಡೆ ಹೋಗುತ್ತವೆ. ಗಣಿ ಕಾರ್ಮಿಕರು ಡೈನಮೈಟ್ ಸಿಡಿಸುತ್ತಾರೆ; ಸದ್ದಿಗೆ ಗಾಜು ಅದುರುತ್ತದೆ, ಹತ್ತಿರವಿದ್ದರೆ ಕೈಕಾಲು ಹೋಗುತ್ತದೆ. ಮೂರು ಬೀದಿ ದೂರವಿರಿ. ಅಶ್ರುವಾಯು ಬಂದರೆ ಕಣ್ಣುಜ್ಜದೆ, ಗಾಳಿಗೆ ಎದುರಾಗಿ, ಅನಿಲದಿಂದ ದೂರಕ್ಕೆ ಓಡದೆ ನಡೆಯಿರಿ. ಆ ಎತ್ತರದಲ್ಲಿ ಏರು ಓಡಿದರೆ ಉಸಿರು ಹೆಚ್ಚಾಗಿ ಅನಿಲ ಇನ್ನಷ್ಟು ಒಳಗೆ ಹೋಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಗಲಾಟೆಯ ದಿನ ಕನ್ನಡಕ ಹಾಕಿಕೊಳ್ಳಿ.

ಎತ್ತರ ಮತ್ತು ಮುಚ್ಚಿದ ರಸ್ತೆ

ಈ ಎರಡನ್ನೂ ಒಟ್ಟಿಗೆ ಯೋಚಿಸುವವರು ಕಡಿಮೆ, ಆದರೆ ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಗಂಭೀರ ವಿಚಾರ. ಎತ್ತರದ ಕಾಯಿಲೆ ಉಲ್ಬಣಿಸಿದರೆ ಖಚಿತ ಚಿಕಿತ್ಸೆ ಕೆಳಗೆ ಇಳಿಯುವುದು. ರಸ್ತೆ ಮುಚ್ಚಿದ್ದರೆ ಇಳಿಯುವುದೆಲ್ಲಿಗೆ? ಸುಮ್ಮನೆ ಕೂತಾಗಲೂ ಉಸಿರು ಸಿಗದಿರುವುದು, ನಿಲ್ಲದ ಕೆಮ್ಮು, ನಡೆಯುವಾಗ ತೂರಾಟ, ಮಾತು ತೊದಲುವುದು ಇವು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಲಾ ಪಾಸ್‌ನಲ್ಲಾದರೆ ನಗರದ ದಕ್ಷಿಣದ ಸೋನಾ ಸುರ್ ನಾಲ್ಕೈದು ನೂರು ಮೀಟರ್ ತಗ್ಗಿನಲ್ಲಿದೆ, ಆಸ್ಪತ್ರೆಗಳೂ ಇವೆ. ಉಯುನಿ ಪ್ರವಾಸದಲ್ಲಿ ಆ ಅನುಕೂಲವಿಲ್ಲ. ಉಪ್ಪಿನ ಬಯಲೇ 3,656 ಮೀಟರ್, ಕೆಂಪು ಸರೋವರ ಲಗುನಾ ಕೊಲೊರಾದಾ ಸುಮಾರು 4,280, ಬಿಸಿನೀರ ಬುಗ್ಗೆಗಳ ಸೋಲ್ ದೆ ಮನ್ಯಾನಾ 4,800 ದಾಟುತ್ತದೆ. 2020ರ ಆಗಸ್ಟ್‌ನ ತಡೆಗಳಲ್ಲಿ ಆಸ್ಪತ್ರೆಗಳಿಗೆ ಆಮ್ಲಜನಕ ಹೊತ್ತ ವಾಹನಗಳೇ ಸಿಕ್ಕಿಕೊಂಡಿದ್ದವು.

ಹಾಗಾಗಿ 2,500ರಿಂದ 3,000 ಮೀಟರ್ ಎತ್ತರದಲ್ಲಿ ಎರಡು ಮೂರು ರಾತ್ರಿ ಕಳೆಯದೆ ಉಯುನಿ ಜೀಪ್ ಹತ್ತಬೇಡಿ. ಸುಕ್ರೆ ಅದಕ್ಕೆ ಹೇಳಿ ಮಾಡಿಸಿದ ಊರು. ಅಸಿಟಜೊಲಮೈಡ್ ಮಾತ್ರೆ ಸಾಮಾನ್ಯವಾಗಿ 125 ಮಿ.ಗ್ರಾಂ, ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಜೀಪ್ ಕಂಪನಿಯನ್ನು ಆರಿಸುವಾಗ ಬೆಲೆಗಿಂತ ಮೊದಲು ನಾಲ್ಕು ವಿಷಯ ಕೇಳಿ: ಆಮ್ಲಜನಕದ ಸಿಲಿಂಡರ್ ಇದೆಯೇ, ಅದರಲ್ಲಿ ಒತ್ತಡ ಎಷ್ಟಿದೆ ಎಂದು ತೋರಿಸುತ್ತಾರೆಯೇ, ಎಲ್ಲ ಸೀಟಿಗೂ ಬೆಲ್ಟ್ ಇದೆಯೇ, ಮೂರೂ ದಿನಕ್ಕೆ ಬೇಕಾದ ಇಂಧನ ಈಗಲೇ ತುಂಬಿಸಿಕೊಂಡಿದ್ದಾರೆಯೇ. ಕೊನೆಯದನ್ನು ಬಾಯಿಮಾತಿಗೆ ಬಿಡದೆ ಕಣ್ಣಾರೆ ನೋಡಿ. ಇಂಧನದ ಕೊರತೆ ಇರುವಾಗ ‘ದಾರಿಯಲ್ಲಿ ಸಿಗುತ್ತದೆ’ ಎಂದವರ ಜೀಪು ದಾರಿಯಲ್ಲೇ ನಿಲ್ಲುತ್ತದೆ. ಬೆಲ್ಟಿನ ವಿಷಯ ಏಕೆಂದರೆ, ಸಮತಟ್ಟಾದ ಉಪ್ಪಿನ ಬಯಲಿನಲ್ಲಿ ವೇಗದ ಅಂದಾಜು ಚಾಲಕನಿಗೆ ಸಿಗುವುದಿಲ್ಲ. 2008ರ ಮೇ ತಿಂಗಳಲ್ಲಿ ಅಲ್ಲಿ ಎರಡು ಜೀಪುಗಳು ಮುಖಾಮುಖಿ ಡಿಕ್ಕಿಯಾಗಿ 13 ಜನ ಸತ್ತರು. ಹೊರಡುವ ಬೆಳಗ್ಗೆ ಚಾಲಕನ ಬಾಯಲ್ಲಿ ಮದ್ಯದ ವಾಸನೆ ಬಂದರೆ, ಮುಂಗಡ ಹೋದರೂ ಸರಿ, ಇಳಿದುಬಿಡಿ.

ಹಣ

2011ರಿಂದ ಡಾಲರಿಗೆ 6.96 ಬೊಲಿವಿಯಾನೊ ಎಂದು ಸರ್ಕಾರಿ ದರ ಕಟ್ಟಿಹಾಕಿದ್ದರು. 2023ರಿಂದ ಡಾಲರ್ ಸಿಗದೆ ಬೀದಿ ದರ ಬೇರೆಯಾಯಿತು, 2025ರ ನಡುವೆ ಅದು 15 ದಾಟಿ ಮತ್ತೆ ಇಳಿಯಿತು. ಹಾಗಾಗಿ ಹಳೆಯ ಪ್ರವಾಸ ಬರಹಗಳಲ್ಲಿರುವ ಬೆಲೆಗಳನ್ನು ನಂಬಿ ಲೆಕ್ಕ ಹಾಕಬೇಡಿ. ಇಳಿದ ದಿನ ಸಣ್ಣ ಮೊತ್ತವೊಂದನ್ನು ಕಾರ್ಡಿನಲ್ಲಿ ಪಾವತಿಸಿ, ಬ್ಯಾಂಕ್ ಯಾವ ದರ ಹಾಕಿತು ಎಂದು ನೋಡಿ. ಅದೇ ದಿನ ಕಾಸಾ ದೆ ಕಂಬಿಯೊ ಎಂಬ ಹಣ ಬದಲಾಯಿಸುವ ಅಂಗಡಿಯಲ್ಲಿ ಕೇಳಿ ಹೋಲಿಸಿ. ಯಾವುದು ಲಾಭವೋ ಅದನ್ನೇ ಮುಂದುವರಿಸಿ. ಲಾ ಪಾಸ್‌ನಲ್ಲಿ ಕಮಾಚೊ ಬೀದಿಯ ಸುತ್ತ ಇಂಥ ಅಂಗಡಿಗಳು ಸಾಲಾಗಿವೆ. ಡಾಲರ್ ನೋಟು 50 ಅಥವಾ 100ರದ್ದಾಗಿರಲಿ, ಹರಿದಿರಬಾರದು, ಮುದ್ರೆ ಅಥವಾ ಪೆನ್ನಿನ ಗುರುತು ಇರಬಾರದು. ತುದಿಯಲ್ಲಿ ಒಂದು ಮಿಲಿಮೀಟರ್ ಸೀಳಿದ್ದರೂ ತಿರುಗಿಸಿ ಕೊಡುತ್ತಾರೆ.

ಅಂಗಡಿಗಳಲ್ಲೆಲ್ಲ ಕ್ಯುಆರ್ ಕೋಡ್ ಕಾಣುತ್ತದೆ, ಆದರೆ ಅದು ಸ್ಥಳೀಯ ಬ್ಯಾಂಕ್ ಖಾತೆ ಇದ್ದವರಿಗೆ. ತಡೆ ಎಳೆದುಕೊಂಡು ಹೋದರೆ ಸಣ್ಣ ಊರುಗಳ ಎಟಿಎಂಗಳಲ್ಲಿ ಹಣ ಮುಗಿಯುತ್ತದೆ, ತುಂಬಿಸುವ ವಾಹನ ಬರುವುದಿಲ್ಲ. ಟಿಟಿಕಾಕಾದ ಇಸ್ಲಾ ದೆಲ್ ಸೋಲ್ ದ್ವೀಪದಲ್ಲಿ ಎಟಿಎಂ ಇಲ್ಲವೇ ಇಲ್ಲ. ಐದು ದಿನದ ಕೋಣೆ, ಊಟ ಮತ್ತು ಒಂದು ದುಬಾರಿ ಬಾಡಿಗೆ ವಾಹನಕ್ಕೆ ಸಾಕಾಗುವಷ್ಟು ನಗದು ಯಾವಾಗಲೂ ಪಕ್ಕಕ್ಕಿರಲಿ, ಎರಡು ಜಾಗದಲ್ಲಿ ಹಂಚಿ. 200ರ ನೋಟಿಗೆ ಚಿಲ್ಲರೆ ಹಳ್ಳಿಯಲ್ಲಿ ಸಿಗುವುದಿಲ್ಲ, ತಡೆಯ ನಡುವಿನ ಮೋಟರ್‌ಸೈಕಲ್ ಹುಡುಗನ ಹತ್ತಿರ ಮೊದಲೇ ಇರುವುದಿಲ್ಲ. 10 ಮತ್ತು 20ರ ನೋಟುಗಳನ್ನು ಕೂಡಿಸಿಟ್ಟುಕೊಳ್ಳಿ.

ವಿಮೆಯ ಕಾಗದದಲ್ಲಿ ಮುಷ್ಕರ, ಗಲಭೆ, ನಾಗರಿಕ ಅಶಾಂತಿ ಎಂಬ ಪದಗಳು ಎಲ್ಲಿವೆ ಎಂದು ಹುಡುಕಿ ಓದಿ. ಅನೇಕ ಪಾಲಿಸಿಗಳಲ್ಲಿ ಅವು ಹೊರಗಿಟ್ಟವುಗಳ ಪಟ್ಟಿಯಲ್ಲಿರುತ್ತವೆ. ಒಳಗೆ ಇದ್ದರೂ, ತಡೆ ಘೋಷಣೆಯಾದ ಮೇಲೆ ಕೊಂಡ ಪಾಲಿಸಿ ಆ ತಡೆಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ನಕಲಿ ಪೊಲೀಸ್ ಮತ್ತು ಟ್ಯಾಕ್ಸಿ

ರಸ್ತೆ ಮುಚ್ಚಿದ ದಿನಗಳಲ್ಲಿ ಬಸ್ಸುಗಳು ನಿಲ್ದಾಣದ ತನಕ ಬಾರದೆ ಎಲ್ ಆಲ್ಟೊದಲ್ಲೋ, ಸ್ಮಶಾನದ ಬಳಿಯ ನಿಲುಗಡೆಯಲ್ಲೋ ರಾತ್ರಿ ಇಳಿಸುತ್ತವೆ. ದಣಿದ ವಿದೇಶಿಯರಿಗಾಗಿ ಕಾಯುವವರು ಅಲ್ಲಿರುತ್ತಾರೆ. ಸಾಮಾನ್ಯ ವಿಧಾನ ಹೀಗಿದೆ: ಟ್ಯಾಕ್ಸಿ ಹತ್ತಿದ ಮೇಲೆ ಇನ್ನೊಬ್ಬ ‘ಪ್ರಯಾಣಿಕ’ ಹತ್ತುತ್ತಾನೆ, ಮುಂದೆ ‘ಪೊಲೀಸ್’ ಒಬ್ಬ ನಿಲ್ಲಿಸಿ ಚೀಲ, ಪಾಸ್‌ಪೋರ್ಟ್ ಕೇಳುತ್ತಾನೆ, ಠಾಣೆಗೆ ನಡೆಯಿರಿ ಎಂದು ಒಳಗೆ ಕೂರುತ್ತಾನೆ. ಅಲ್ಲಿಂದ ಎಟಿಎಂಗಳ ಮೆರವಣಿಗೆ. ಬೀದಿಯಲ್ಲಿ ಯಾರೇ ಕೇಳಿದರೂ ಪಾಸ್‌ಪೋರ್ಟ್ ಪ್ರತಿಯನ್ನಷ್ಟೇ ತೋರಿಸಿ, ಠಾಣೆಗೆ ನಡೆದೇ ಬರುತ್ತೇನೆ ಎನ್ನಿ, ವಾಹನ ಹತ್ತಬೇಡಿ. ಛಾವಣಿಯ ಮೇಲೆ ಕಂಪನಿಯ ಹೆಸರು ಮತ್ತು ಫೋನ್ ಸಂಖ್ಯೆ ಇರುವ ರೇಡಿಯೊ ಟ್ಯಾಕ್ಸಿಯನ್ನು ಹೋಟೆಲಿನವರಿಂದಲೇ ಕರೆಸಿಕೊಳ್ಳಿ. ನೀವು ಹತ್ತಿದ ಮೇಲೆ ಬೇರೆ ಯಾರೂ ಹತ್ತಬಾರದು. ಪೊಲೀಸ್ ತುರ್ತು ಸಂಖ್ಯೆ 110. ಸಿಮ್ ಕೊಳ್ಳುವಾಗ ಊರಾಚೆಯೂ ಸಿಗ್ನಲ್ ಬೇಕೆಂದರೆ ಎಂಟೆಲ್ ವಾಸಿ, ಉಪ್ಪಿನ ಬಯಲಿನ ಒಳಗೆ ಮಾತ್ರ ಯಾವುದೂ ನಂಬಿಕೆಗೆ ಇಲ್ಲ.

ಹೊರಗೆ ಹೋಗುವ ಬಾಗಿಲು

ದೇಶದೊಳಗೆ ಬಂದ ದಿನದ ಮುದ್ರೆ ಪಾಸ್‌ಪೋರ್ಟಿನಲ್ಲಿ ಇದೆಯೇ ಎಂದು ಗಡಿಯಲ್ಲೇ ನೋಡಿಕೊಳ್ಳಿ. ತಡೆಯ ದಿನಗಳಲ್ಲಿ ಪೆರು ಕಡೆಯ ಕಸಾನಿ ಗಡಿಯನ್ನು ಕಾಲ್ನಡಿಗೆಯಲ್ಲಿ ದಾಟುವವರು ಅವಸರದಲ್ಲಿ ಕಚೇರಿಯನ್ನೇ ದಾಟಿಕೊಂಡು ಹೋಗುತ್ತಾರೆ, ಹೊರಡುವಾಗ ದಂಡ ಕಟ್ಟುತ್ತಾರೆ. ದೇಶದಲ್ಲಿರಲು ಕೊಟ್ಟ ದಿನಗಳು ಮುಗಿಯುವಂತಿದ್ದು ರಸ್ತೆ ಮುಚ್ಚಿದ್ದರೆ ಮುಗಿಯುವ ಮೊದಲೇ ವಲಸೆ ಕಚೇರಿಗೆ ಹೋಗಿ ವಿಸ್ತರಿಸಿಕೊಳ್ಳಿ. ತಡೆಯಿತ್ತು ಎಂಬ ಕಾರಣ ಹೇಳಿದರೆ ದಂಡ ಬಿಡುತ್ತಾರೆ ಎಂದು ನೆಚ್ಚಿಕೊಳ್ಳಬೇಡಿ. ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಆಗಿರಬೇಕು, ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಬೊಲಿವಿಯಾದಿಂದ ಭಾರತಕ್ಕೆ ಮರಳಿದರೆ ಆರು ದಿನದವರೆಗೆ ಪ್ರತ್ಯೇಕ ಇರಿಸುವ ನಿಯಮವಿದೆ.

ಇತೊ ಕಹೊನ್ ದಾರಿ ಜೂನ್‌ನಿಂದ ಆಗಸ್ಟ್‌ವರೆಗೆ ಹಿಮ ಬಿದ್ದು ಮುಚ್ಚಬಹುದು. ಜೀಪ್ ಹತ್ತುವ ಹಿಂದಿನ ಸಂಜೆ ಉಯುನಿಯಲ್ಲೇ ಕೇಳಿ, ಮುಚ್ಚಿದ್ದರೆ ಉಯುನಿಯಿಂದ ವಿಮಾನ ಹಿಡಿಯಿರಿ. ತೆರೆದಿದ್ದರೆ ಬೊಲಿವಿಯಾದ ಹೊರಹೋಗುವ ಮುದ್ರೆ ಹಾಕಿಸಿ, ಚಿಲಿಯ ಬಸ್ ಏರುವ ಮೊದಲು ಚೀಲ ಒಮ್ಮೆ ಜಾಲಾಡಿ. ಹಣ್ಣು, ಬೀಜ, ಜೇನು ಇದ್ದರೆ ಚಿಲಿಯ ಕೃಷಿ ತಪಾಸಣೆಯ ಕಾಗದದಲ್ಲಿ ‘ಇದೆ’ ಎಂದೇ ಬರೆಯಿರಿ. ಎತ್ತರಕ್ಕೆಂದು ಜಗಿಯಲು ಕೊಂಡ ಕೋಕಾ ಎಲೆಯ ಪೊಟ್ಟಣವನ್ನು ಜೀಪ್ ಚಾಲಕನಿಗೇ ಕೊಟ್ಟುಬಿಡಿ.